ಬೆಂಗಳೂರಿನಿಂದ ಹೊನ್ನಾವರಕ್ಕೆ: ಕಡಲಾಮೆ, ಕಾಂಡ್ಲಾ ಕಾಡು, ಡಾಲ್ಫಿನ್, ಮೀನೂಟದ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಪ್ರವಾಸ ಎಂದರೆ ಮೊದಲು ಕೈಗೆತ್ತಿಕೊಳ್ಳುವುದು ರಜೆಯ ಪಟ್ಟಿ. ಗುರುವಾರ ಹಬ್ಬ ಬಿದ್ದಿದೆಯಾ, ಶುಕ್ರವಾರ ಒಂದು ರಜೆ ಹಾಕಿದರೆ ನಾಲ್ಕು ದಿನ ಸಿಗುತ್ತದಾ, ಲೆಕ್ಕ ಅಲ್ಲಿಗೆ ಮುಗಿಯಿತು. ಬೆಟ್ಟಕ್ಕೂ ದೇವಸ್ಥಾನಕ್ಕೂ ಈ ಲೆಕ್ಕ ನಡೆಯುತ್ತದೆ. ಕಡಲಿಗೆ ನಡೆಯುವುದಿಲ್ಲ. ಆಮೆ ಮೊಟ್ಟೆಯಿಡಲು ಬರುವ ತಿಂಗಳು ಒಂದು, ಬಂಗುಡೆ ಬುಟ್ಟಿಗಟ್ಟಲೆ ಬರುವ ತಿಂಗಳು ಇನ್ನೊಂದು, ದೋಣಿಗಳೆಲ್ಲ ದಡ ಹತ್ತಿ ಕೂರುವ ತಿಂಗಳು ಮತ್ತೊಂದು. ಒಂದೇ ದಿನದಲ್ಲೂ ಇಳಿತದ ಹೊತ್ತಿನಲ್ಲಿ ಕಂಡದ್ದು ಉಬ್ಬರದಲ್ಲಿ ನೀರಿನಡಿ ಹೋಗಿರುತ್ತದೆ. ಹಾಗಾಗಿ ಇಲ್ಲಿ ಟಿಕೆಟ್, ರೂಮು ಎಲ್ಲ ಆಮೇಲಿನ ಮಾತು. ಕಡಲಿನ ಪಂಚಾಂಗ ಮೊದಲು.

ಹೊನ್ನಾವರವೇ ಯಾಕೆ

ಗೋಕರ್ಣವಿದೆ, ಮುರ್ಡೇಶ್ವರವಿದೆ, ಮಲ್ಪೆಯಿದೆ. ಆದರೂ ಕಡಲಜೀವಿ ನೋಡಬೇಕು, ಚೆನ್ನಾಗಿ ಮೀನು ತಿನ್ನಬೇಕು, ಜನಜಂಗುಳಿ ಬೇಡ ಎನ್ನುವವರಿಗೆ ನಾನು ಹೇಳುವುದು ಹೊನ್ನಾವರ. ಶರಾವತಿ ಕಡಲು ಸೇರುವ ಅಳಿವೆಯ ಉತ್ತರ ದಂಡೆಯಲ್ಲಿ ಪೇಟೆ, ದಕ್ಷಿಣ ದಂಡೆಯಲ್ಲಿ ಕಾಸರಕೋಡು. ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಆಮೆ ಗೂಡು ಕಟ್ಟುವ ಮರಳು, ಮೀನುಗಾರಿಕೆ ಬಂದರು, ಕುರ್ವೆ ಎಂದು ಕರೆಯುವ ನದಿ ನಡುವಿನ ನಡುಗಡ್ಡೆಗಳು, ಅಪ್ಸರಕೊಂಡ ಜಲಪಾತ ಎಲ್ಲವೂ ಆಟೊದಲ್ಲಿ ಹೋಗಿಬರುವಷ್ಟು ಹತ್ತಿರ. ದಕ್ಷಿಣಕ್ಕೆ ಮುಕ್ಕಾಲು ಗಂಟೆ ಹೋದರೆ ಮುರ್ಡೇಶ್ವರ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ. ಉತ್ತರಕ್ಕೆ ಕುಮಟಾ, ಅದರಾಚೆ ಅಘನಾಶಿನಿ ಅಳಿವೆ. ಪೇಟೆಯಲ್ಲಿ ಪ್ರವಾಸಿಗಳಿಗಾಗಿ ಮಾಡಿಟ್ಟ ಥಳಕು ಏನೂ ಇಲ್ಲ. ಸಂಜೆ ಎಂಟೂವರೆಗೆಲ್ಲ ಅಂಗಡಿ ಬಾಗಿಲು ಬೀಳುತ್ತದೆ. ಅದೇ ಬೇಸರ ಎನಿಸುವವರು ಗೋಕರ್ಣಕ್ಕೆ ಹೋಗುವುದು ಒಳ್ಳೆಯದು.

ಬೆಂಗಳೂರಿನವರಿಗೆ ಈ ಊರಿನ ಜೊತೆ ಹಳೆಯ ಸಂಬಂಧವೂ ಇದೆ, ಗೊತ್ತಿಲ್ಲದೆ. ನಗರದ ಎಷ್ಟೋ ದೀಪಗಳು ಉರಿದದ್ದು ಶರಾವತಿಯ ವಿದ್ಯುತ್ತಿನಿಂದ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ಕೆಳಗಿನ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಟರ್ಬೈನಿನಿಂದ ಹೊರಬಿದ್ದ ಸಿಹಿನೀರು ಮಳೆಗಾಲ, ಬೇಸಿಗೆ ಎನ್ನದೆ ವರ್ಷವಿಡೀ ಹೊನ್ನಾವರದ ಅಳಿವೆಗೆ ಬರುತ್ತದೆ. ಬೇಸಿಗೆಯಲ್ಲಿ ಏರಬೇಕಾದ ಉಪ್ಪಿನಂಶ ಏರುವುದಿಲ್ಲ. ಉಪ್ಪುನೀರು ನೆಚ್ಚಿಕೊಂಡಿದ್ದ ಬಳಚು, ಖುಬ್ಬೆ ಎಂಬ ಚಿಪ್ಪುಜೀವಿಗಳು ಶರಾವತಿಯಲ್ಲಿ ಸೊರಗಿದವು. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಈಗಲೂ ರಾಶಿರಾಶಿ ಸಿಗುತ್ತವೆ. ಹೊನ್ನಾವರದ ಹೋಟೆಲಿನಲ್ಲಿ ಬಳಚು ಸುಕ್ಕಾ ಬಂದರೆ ಅದು ಎಲ್ಲಿಯದು ಎಂದು ಕೇಳಿ ನೋಡಿ.

ಹಂತ 1: ತಿಂಗಳು ಆರಿಸಿ

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ಹುಚ್ಚೆದ್ದಿರುತ್ತದೆ. ಆ ಎರಡು ತಿಂಗಳು ತಟ್ಟೆಗೆ ಬರುವ ಇಸ್ವಾಣ (ಅಂಜಲ್), ಪಾಂಪ್ಲೆಟ್ ಬಹುಪಾಲು ಐಸಿನಲ್ಲಿ ಮಲಗಿ ಬಂದದ್ದು ಅಥವಾ ಬೇರೆ ರಾಜ್ಯದಿಂದ ಇಳಿದದ್ದು. ಅಷ್ಟು ದೂರ ಹೋಗಿ ಅದನ್ನೇ ತಿನ್ನುವುದಾದರೆ ಬೆಂಗಳೂರಿನ ಹೋಟೆಲೇ ಸಾಕು. ಹಾಗೆಂದು ಮಳೆಗಾಲದಲ್ಲಿ ಹೋಗಲೇಬಾರದು ಎಂದಲ್ಲ. ಆಗ ನದಿಮೀನು, ಏಡಿ, ನಾಡದೋಣಿಯವರು ಅಳಿವೆಯೊಳಗೆ ಹಿಡಿದ ಸಿಗಡಿ ಸಿಗುತ್ತವೆ. ಘಟ್ಟದ ಹಸಿರಂತೂ ಕಣ್ಣಿಗೆ ಹಬ್ಬ. ಕಡಲಜೀವಿ ನೋಡುವ ಆಸೆ ಮಾತ್ರ ಬಿಟ್ಟು ಹೋಗಬೇಕು.

ಆಗಸ್ಟ್‌ನಲ್ಲಿ ನೂಲು ಹುಣ್ಣಿಮೆಯ ಹೊತ್ತಿಗೆ ಮೀನುಗಾರರು ಸಮುದ್ರಪೂಜೆ ಮಾಡಿ ಹೊಸ ಋತು ಶುರುಮಾಡುತ್ತಾರೆ. ಮುಂಗಾರಿನ ಗಾಳಿ ಕಡಲಿನ ತಳದ ತಣ್ಣೀರನ್ನು ಮೇಲೆಳೆದಿರುತ್ತದೆ. ಆ ನೀರಿನ ಸತ್ವಕ್ಕೆ ಪ್ಲವಕಗಳೆಂಬ ತೇಲುವ ಸೂಕ್ಷ್ಮಜೀವಿಗಳು ಹುಟ್ಟಿ, ಅವನ್ನು ತಿನ್ನಲು ತಾರ್ಲೆ (ಬೂತಾಯಿ), ಬಂಗುಡೆ ಹಿಂಡುಹಿಂಡಾಗಿ ದಡದತ್ತ ಬರುತ್ತವೆ. ಮೀನೂಟವೇ ಮುಖ್ಯ ಎನ್ನುವವರಿಗೆ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್.

ನೀರಿನಡಿ ಇಳಿಯುವ ಆಸೆಯಿದ್ದರೆ ನವೆಂಬರ್‌ನಿಂದ ಫೆಬ್ರವರಿ. ಆಗ ನೀರು ತಿಳಿ, ಅಲೆ ಕಡಿಮೆ. ಕಡಲಾಮೆ ಮೊಟ್ಟೆಯಿಡುವುದು ಚಳಿಗಾಲದಲ್ಲಿ, ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಮೊಟ್ಟೆ ಒಡೆಯಲು 45ರಿಂದ 60 ದಿನ. ಅಂದರೆ ಮರಿಗಳನ್ನು ನೋಡುವ ಅವಕಾಶ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೆಚ್ಚು. ಎಲ್ಲವೂ ಸ್ವಲ್ಪ ಸ್ವಲ್ಪ ಬೇಕು, ಒಂದೇ ಸಲ ಹೋಗಲು ಸಾಧ್ಯ ಎನ್ನುವವರಿಗೆ ನನ್ನ ಆಯ್ಕೆ ಫೆಬ್ರವರಿಯ ಎರಡನೆಯ, ಮೂರನೆಯ ವಾರ. ಡಿಸೆಂಬರ್ ಕೊನೆಯ ವಾರ ಮಾತ್ರ ಯಾವ ಕಾರಣಕ್ಕೂ ಬೇಡ. ಆಗ ಇಡೀ ಬೆಂಗಳೂರು, ಹುಬ್ಬಳ್ಳಿ ಎರಡೂ ಕರಾವಳಿಯಲ್ಲೇ ಇರುತ್ತವೆ.

ಹಂತ 2: ಚಂದ್ರನನ್ನು ನೋಡಿ ದಿನ ಗೊತ್ತುಮಾಡಿ

ಗೋಡೆಯ ಕ್ಯಾಲೆಂಡರಿನಲ್ಲಿ ಹುಣ್ಣಿಮೆ, ಅಮಾವಾಸ್ಯೆ ಹುಡುಕಿ. ಅವುಗಳ ಆಸುಪಾಸಿನ ಎರಡು ಮೂರು ದಿನ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ನೀರು ತುಂಬ ಹಿಂದೆ ಸರಿಯುವುದರಿಂದ ಬಂಡೆಗಳ ಹೊಂಡ, ಕಾಂಡ್ಲಾ ಕಾಡಿನ ಕೆಸರು ಎರಡೂ ತೆರೆದುಕೊಳ್ಳುತ್ತವೆ. ನಮ್ಮ ಕರಾವಳಿಯಲ್ಲಿ ಆ ದಿನಗಳ ಇಳಿತ ಹೆಚ್ಚುಕಡಿಮೆ ಮುಂಜಾನೆಗೂ ಸಂಜೆಗೂ ಬೀಳುತ್ತದೆ, ನೋಡುಗರಿಗೆ ಇದಕ್ಕಿಂತ ಅನುಕೂಲ ಇನ್ನೇನು? ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಹೋದರೆ ನೀರಿನ ಏರಿಳಿತ ಸಪ್ಪೆ, ಇಳಿತ ನಡುಹಗಲಿಗೆ.

ಕರಾರುವಾಕ್ ಸಮಯ ಬೇಕಾದರೆ ಮೊಬೈಲಿನಲ್ಲಿ ಕಾರವಾರದ ಉಬ್ಬರವಿಳಿತದ ಪಟ್ಟಿ ತೆಗೆಯಿರಿ, ಹೊನ್ನಾವರಕ್ಕೂ ಅದೇ ಸಾಕು. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಎತ್ತರದ ಅಲೆಗಳ ಎಚ್ಚರಿಕೆ ಕೊಡುತ್ತದೆ, ಹೊರಡುವ ಹಿಂದಿನ ದಿನ ಅದನ್ನೂ ನೋಡಿಕೊಳ್ಳಿ. ಏಡಿ ತಿನ್ನುವವರಿಗೆ ಇನ್ನೊಂದು ಮಾತು: ಹುಣ್ಣಿಮೆಯ ಏಡಿ ಪೊಳ್ಳು, ಅಮಾವಾಸ್ಯೆಯ ಏಡಿಯಲ್ಲಿ ಮಾಂಸ ಗಟ್ಟಿ ಎನ್ನುತ್ತಾರೆ ಕರಾವಳಿಯವರು. ನಾನು ಅದನ್ನು ನಂಬಿಯೇ ಆರ್ಡರ್ ಮಾಡುತ್ತೇನೆ.

ಹಂತ 3: ಪ್ರಯಾಣ

ರೈಲೇ ಒಳ್ಳೆಯದು. ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ನಗರ ಬಿಟ್ಟು ಬೆಳಗಿನ ಹೊತ್ತಿಗೆ ಹೊನ್ನಾವರ ಮುಟ್ಟಿಸುತ್ತದೆ. ಹಾಸನ, ಸಕಲೇಶಪುರ, ಸುಬ್ರಹ್ಮಣ್ಯ ರೋಡ್, ಉಡುಪಿ, ಕುಂದಾಪುರ, ಭಟ್ಕಳ ಇದರ ದಾರಿ. ಟಿಕೆಟ್ 60 ದಿನ ಮೊದಲು ತೆರೆಯುತ್ತದೆ, ವಾರಾಂತ್ಯದ್ದು ಬೇಗ ಮುಗಿಯುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ 57 ಸುರಂಗಗಳ ಘಟ್ಟ ರಾತ್ರಿ ನಿದ್ದೆಯಲ್ಲೇ ಕಳೆದುಹೋಗುತ್ತದೆ. ಆದರೆ ಮುರ್ಡೇಶ್ವರ ದಾಟಿದ ಮೇಲೆ ಮಲಗಿರಬೇಡಿ. ಹೊನ್ನಾವರ ನಿಲ್ದಾಣಕ್ಕೆ ಸ್ವಲ್ಪ ಮೊದಲು ರೈಲು ಶರಾವತಿಯನ್ನು ದಾಟುತ್ತದೆ. ಎರಡು ಕಿ.ಮೀ.ಗೂ ಮಿಕ್ಕ ಈ ಸೇತುವೆ ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಕೆಳಗೆ ಪಾತಿ ದೋಣಿ, ಕುರ್ವೆಗಳ ತೆಂಗಿನ ತೋಟ, ಬಲೆ ಬೀಸುವವರು. ಊರಿನ ಮೊದಲ ಪಾಠ ಅಲ್ಲೇ ಸಿಗುತ್ತದೆ.

ಕಾರಿನಲ್ಲಾದರೆ ತುಮಕೂರು, ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ, ಮಾವಿನಗುಂಡಿ, ಗೇರುಸೊಪ್ಪೆ ದಾರಿ. ನಾನೂರೈವತ್ತು ಕಿ.ಮೀ. ಆಸುಪಾಸು, ಊಟ–ತಿಂಡಿ ಸೇರಿ ಇಡೀ ಹಗಲು ಹಿಡಿಯುತ್ತದೆ. ಮಾವಿನಗುಂಡಿಯಿಂದ ಇಳಿಯುವ ಘಟ್ಟದಲ್ಲಿ ಸಿಂಗಳೀಕಗಳಿವೆ. ಶರಾವತಿ ಕಣಿವೆಯ ಈ ಕಾಡು ಅವುಗಳಿಗಾಗಿಯೇ ಘೋಷಿಸಿದ ಅಭಯಾರಣ್ಯ. ಕತ್ತಲಾದ ಮೇಲೆ ಆ ತಿರುವುಗಳಲ್ಲಿ ಇಳಿಯಬೇಡಿ. ಇವೆರಡರ ನಡುವಿನ ದಾರಿಯೊಂದಿದೆ: ರಾತ್ರಿ ರೈಲಿನಲ್ಲಿ ತಾಳಗುಪ್ಪಕ್ಕೆ ಹೋಗಿ, ಬೆಳಗ್ಗೆ ಬಸ್ಸಿನಲ್ಲಿ ಘಟ್ಟ ಇಳಿಯುವುದು. ಸಮಯ ಸ್ವಲ್ಪ ಜಾಸ್ತಿಯಾದರೂ ಕಾಡು ಹಗಲಿನಲ್ಲಿ ಕಾಣುತ್ತದೆ.

ಹಂತ 4: ಉಳಿಯುವ ಜಾಗ

ಪೇಟೆಯಲ್ಲಿ ಲಾಡ್ಜ್, ಕಾಸರಕೋಡು–ಅಪ್ಸರಕೊಂಡ ಕಡೆ ಹೋಂಸ್ಟೇ. ಮುಂಜಾನೆ ಮೀನು ಬಂದರಿಗೆ, ತೀರಕ್ಕೆ ಹೋಗುವ ಮನಸ್ಸಿದ್ದರೆ ಕಾಸರಕೋಡು ಕಡೆಯೇ ಇರಿ. ಬುಕ್ ಮಾಡುವಾಗ ಮನೆಯವರು ತಾವೇ ಮೀನಡುಗೆ ಮಾಡಿಕೊಡುತ್ತಾರಾ, ತಂದುಕೊಟ್ಟ ಮೀನನ್ನು ಬೇಯಿಸುತ್ತಾರಾ ಎಂದು ಕೇಳಿಕೊಳ್ಳಿ. ಹವ್ಯಕರ ಮನೆಯಾದರೆ ಮೀನು ಸಿಗುವುದಿಲ್ಲ, ತಂಬುಳಿ, ಅಪ್ಪೆಹುಳಿ ಸಿಗುತ್ತದೆ. ಅದೂ ನಷ್ಟವೇನಲ್ಲ.

ಹಂತ 5: ದಿನಗಳನ್ನು ಜೋಡಿಸುವ ಕ್ರಮ

ಪೂರ್ತಿ ಮೂರು ಹಗಲು ಬೇಕು. ಗುರುವಾರ ರಾತ್ರಿ ಹೊರಟು ಭಾನುವಾರ ಸಂಜೆಯ ರೈಲು ಹಿಡಿಯುವುದು ಕೆಲಸದವರಿಗೆ ಹೊಂದುತ್ತದೆ.

ಇಲ್ಲಿ ಬೆಂಗಳೂರಿನವರು ಗಮನಿಸಲೇಬೇಕಾದ ಒಂದು ವಿಷಯವಿದೆ. ನೇತ್ರಾಣಿಯಲ್ಲಿ ಸ್ಕೂಬಾ ಮಾಡುವ ಯೋಚನೆಯಿದ್ದರೆ ಅದನ್ನು ಕೊನೆಯ ದಿನಕ್ಕೆ ಇಡಬೇಡಿ. ನೀರಿನಡಿಯ ಒತ್ತಡದಲ್ಲಿ ಉಸಿರಾಡಿದಾಗ ಸಾರಜನಕ ರಕ್ತದಲ್ಲಿ, ಅಂಗಾಂಶಗಳಲ್ಲಿ ಕರಗಿರುತ್ತದೆ. ಅದು ನಿಧಾನವಾಗಿ ಹೊರಹೋಗುವ ಮೊದಲೇ ಎತ್ತರದ ಜಾಗಕ್ಕೆ ಏರಿದರೆ ಗುಳ್ಳೆಗಳಾಗಿ ತೊಂದರೆ ಕೊಡಬಹುದು. ಡೈವ್ ಮಾಡಿದ ಮೇಲೆ ವಿಮಾನ ಹತ್ತಬಾರದು ಎಂಬುದು ಎಲ್ಲರಿಗೂ ಗೊತ್ತು. ಬೆಂಗಳೂರೇ ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ ಎಂಬುದು ನೆನಪಾಗುವುದಿಲ್ಲ, ಅಷ್ಟೇ. ಡೈವಿಂಗ್ ಸುರಕ್ಷತೆಯ ಸಾಮಾನ್ಯ ಸಲಹೆಯಂತೆ ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಬಿಡಬೇಕು. ಅದು 600 ಮೀಟರಿಗಿಂತ ಮೇಲೇರುವ ಎಲ್ಲರಿಗೂ ಅನ್ವಯ. ಕಾರಿನಲ್ಲಿ ಹೊನ್ನಾವರ ಬಿಟ್ಟರೆ ಒಂದೆರಡು ಗಂಟೆಯಲ್ಲಿ ನೀವು ಘಟ್ಟದ ಮೇಲೆ.

ಹಾಗಾಗಿ ಕ್ರಮ ಹೀಗಿರಲಿ. ಮೊದಲ ದಿನ ರಾತ್ರಿ ಪ್ರಯಾಣದ ದಣಿವು ಇರುವುದರಿಂದ ಬಂದರು, ಊಟ, ಸಂಜೆ ಕಾಂಡ್ಲಾ. ಎರಡನೆಯ ದಿನ ಬೆಳಗ್ಗೆ ನೇತ್ರಾಣಿ. ಮೂರನೆಯ ದಿನ ಮುಂಜಾನೆ ತೀರ, ಡಾಲ್ಫಿನ್, ಮಧ್ಯಾಹ್ನ ಕೊನೆಯ ಮೀನೂಟ, ಸಂಜೆ ವಾಪಸು. ನೇತ್ರಾಣಿ ಬೇಡ ಎನ್ನುವವರು ಆ ದಿನವನ್ನು ಅಘನಾಶಿನಿಗೆ ಕೊಡಿ. 2024ರಲ್ಲಿ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಎಂದು ಘೋಷಣೆಯಾದ ಅಳಿವೆ ಅದು. ಇಳಿತದಲ್ಲಿ ಮಂಡಿಯುದ್ದ ನೀರಿಗಿಳಿದು ಜನ ಬಳಚು ಆರಿಸುವುದನ್ನು ಅಲ್ಲಿ ನೋಡಬಹುದು.

ಹಂತ 6: ಕಾಂಡ್ಲಾ ಕಾಡು

ಶರಾವತಿ ಹಿನ್ನೀರಿನ ಅಂಚಿನಲ್ಲಿ ಅರಣ್ಯ ಇಲಾಖೆ ಮರದ ಹಲಗೆಯ ಕಾಲುದಾರಿ ಮಾಡಿದೆ, ಶರಾವತಿ ಕಾಂಡ್ಲಾ ನಡಿಗೆ ಎಂದು. ನಡೆದರೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ, ಫೋಟೊ ತೆಗೆದು ಹೊರಡುವವರೇ ಹೆಚ್ಚು. ನೀವು ಇಳಿತದ ಹೊತ್ತಿಗೆ ಹೋಗಿ, ಒಂದು ಕಡೆ ಅಲುಗಾಡದೆ ನಿಲ್ಲಿ. ಹೆಜ್ಜೆ ಸದ್ದಿಗೆ ಬಿಲ ಸೇರಿದ್ದ ಏಡಿಗಳು ಎರಡು ಮೂರು ನಿಮಿಷಕ್ಕೆ ಹೊರಬರುತ್ತವೆ. ಒಂದು ಕೊಂಡಿ ಮೈಗಿಂತ ದೊಡ್ಡದಾಗಿರುವುದು ಗಂಡು ಪಿಟೀಲು ಏಡಿ. ಅದು ಕೊಂಡಿ ಬೀಸುವುದು ಹೆಣ್ಣನ್ನು ಕರೆಯಲು, ಇನ್ನೊಂದು ಗಂಡನ್ನು ಹೆದರಿಸಲು. ಕೆಸರಿನ ಮೇಲೆ ಎದೆಯ ರೆಕ್ಕೆ ಊರಿ ತೆವಳುವ, ಪುಟಕ್ಕನೆ ಹಾರುವ ಪುಟ್ಟ ಮೀನು ಮಡ್‌ಸ್ಕಿಪ್ಪರ್. ಚರ್ಮ, ಬಾಯಿಯ ಒಳಪೊರೆ ಒದ್ದೆಯಿರುವ ತನಕ ಅದು ಗಾಳಿಯಿಂದಲೇ ಉಸಿರಾಡಬಲ್ಲದು. ಕೆಸರಿನಿಂದ ಮೊಳೆಗಳಂತೆ ಮೇಲೆದ್ದು ನಿಂತಿರುವವು ಕಾಂಡ್ಲಾ ಮರದ ಉಸಿರಾಟದ ಬೇರು. ಹಲಗೆಯಿಂದ ಕೆಳಗಿಳಿದು ಅವನ್ನು ತುಳಿಯಬೇಡಿ.

ಮೇಲೆ ನೋಡಿದರೆ ಕಂದು ಮೈ, ಬಿಳಿ ತಲೆಯ ಗರುಡ ಇದ್ದೇ ಇರುತ್ತದೆ. ಅದಕ್ಕಿಂತ ದೊಡ್ಡದಾದ, ಬೂದು ರೆಕ್ಕೆ ಬಿಳಿ ಹೊಟ್ಟೆಯ ಕಡಲ ಹದ್ದು ಕಂಡರೆ ಅದೃಷ್ಟ. ಎತ್ತರದ ಮರದ ತುದಿಯಲ್ಲಿ ಗೂಡು ಕಟ್ಟಿ ವರ್ಷವರ್ಷವೂ ಅದನ್ನೇ ದುರಸ್ತಿ ಮಾಡಿಕೊಳ್ಳುತ್ತದೆ.

ಹಂತ 7: ಕಡಲಾಮೆ

ಟೊಂಕಾ, ಮುಗಳಿ, ಹಳದೀಪುರದ ಕಡೆಯ ಮರಳಿಗೆ ಬರುವುದು ಆಲಿವ್ ರಿಡ್ಲೆ ಆಮೆ. ಒಡಿಶಾದಲ್ಲಿ ಲಕ್ಷಗಟ್ಟಲೆ ಆಮೆಗಳು ಒಟ್ಟಿಗೆ ಬರುವ ದೃಶ್ಯವನ್ನು ಟಿವಿಯಲ್ಲಿ ನೋಡಿ ಅದನ್ನೇ ನಿರೀಕ್ಷಿಸಬೇಡಿ. ನಮ್ಮ ತೀರಕ್ಕೆ ಒಂಟಿಯಾಗಿ, ರಾತ್ರಿ, ಯಾರಿಗೂ ಹೇಳದೆ ಬರುತ್ತವೆ. ಒಂದು ಗೂಡಿನಲ್ಲಿ ಸುಮಾರು ನೂರು ಮೊಟ್ಟೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಬಿಸಿ ನಿರ್ಧರಿಸುತ್ತದೆ. ಮರಳು ಹೆಚ್ಚು ಕಾದರೆ ಹೆಣ್ಣೇ ಹೆಚ್ಚು. ಹಿಂದೆ ಮೊಟ್ಟೆ ಅಗೆದು ತಿನ್ನುತ್ತಿದ್ದ ಕಾಲವಿತ್ತು. ಈಗ ಗೂಡು ಕಂಡ ಮೀನುಗಾರರೇ ಅರಣ್ಯ ಇಲಾಖೆಗೆ ಸುದ್ದಿ ಕೊಡುತ್ತಾರೆ, ಇಲಾಖೆ ಬಲೆ ಸುತ್ತಿ ಕಾಯುತ್ತದೆ.

ನೋಡಲು ಸರಿಯಾದ ದಾರಿ ಒಂದೇ: ಹೊನ್ನಾವರದ ಅರಣ್ಯ ಇಲಾಖೆ ಕಚೇರಿಗೆ ಹೋಗಿ, ಮೊಟ್ಟೆ ಒಡೆಯುವ ದಿನ ಹತ್ತಿರವಿರುವ ಗೂಡು ಇದೆಯೇ, ಮರಿ ಬಿಡುವಾಗ ದೂರ ನಿಂತು ನೋಡಬಹುದೇ ಎಂದು ಕೇಳುವುದು. ರಾತ್ರಿ ಟಾರ್ಚ್ ಹಿಡಿದು ತೀರದಲ್ಲಿ ಹುಡುಕಾಡುವುದು ಬೇಡ. ತಾಯಿ ಆಮೆ ಬೆಳಕು, ಓಡಾಟ ಕಂಡರೆ ಮೊಟ್ಟೆಯಿಡದೆ ತಿರುಗುತ್ತದೆ. ಮರಿಗಳು ಹೊರಬಿದ್ದೊಡನೆ ಹೆಚ್ಚು ಬೆಳಕಿರುವ ಕಡೆಗೆ ನಡೆಯುತ್ತವೆ. ಕತ್ತಲ ತೀರದಲ್ಲಿ ಅದು ಕಡಲು, ನಿಮ್ಮ ಮೊಬೈಲ್ ಬೆಳಗಿದರೆ ಅದು ನಿಮ್ಮ ಮೊಬೈಲ್. ಮರಿಯನ್ನು ಎತ್ತಿ ನೀರಿಗೆ ಬಿಡುವುದು ಪುಣ್ಯದ ಕೆಲಸವೂ ಅಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿರುವ ಪ್ರಾಣಿಯನ್ನು ಹಿಡಿಯುವುದೇ ಅಪರಾಧ. ಗಾಯಗೊಂಡ ಅಥವಾ ಸತ್ತ ಆಮೆ ಕಂಡರೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆಮಾಡಿ.

ಟೊಂಕಾದಲ್ಲಿ ವಾಣಿಜ್ಯ ಬಂದರು ಯೋಜನೆಯ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಆಮೆಯ ಮರಳು, ಹೆಂಗಸರು ಮೀನು ಒಣಗಿಸುವ ಮರಳು ಎರಡೂ ಅದೇ. ಅಲ್ಲಿ ಕ್ಯಾಮೆರಾ ಎತ್ತುವ ಮೊದಲು ಮಾತಾಡಿಸಿ, ಅವರ ಕಷ್ಟ ನಿಮ್ಮ ರೀಲ್‌ನ ಹಿನ್ನೆಲೆಯಲ್ಲ.

ಹತ್ತಿರದ ಕಾಸರಕೋಡು ಇಕೋ ಬೀಚ್ 2020ರಲ್ಲಿ ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ನೀಲಿ ಧ್ವಜದ (ಬ್ಲೂ ಫ್ಲ್ಯಾಗ್) ಮಾನ್ಯತೆ ಪಡೆದದ್ದು. ಕರ್ನಾಟಕದಿಂದ ಆ ವರ್ಷ ಸೇರಿದ ಇನ್ನೊಂದು ಪಡುಬಿದ್ರಿ. ಶೌಚಾಲಯ, ಸ್ನಾನದ ವ್ಯವಸ್ಥೆ, ಜೀವರಕ್ಷಕರು ಇರುವುದರಿಂದ ಮಕ್ಕಳಿರುವವರು ನೀರಿಗಿಳಿಯುವುದಾದರೆ ಇಲ್ಲೇ ಇಳಿಯಿರಿ.

ಹಂತ 8: ಡಾಲ್ಫಿನ್

ಇಲ್ಲಿ ದಡದ ಹತ್ತಿರ ಕಾಣುವುದು ಬೆನ್ನಿನ ಮೇಲೆ ಗೂನು, ಅದರ ಮೇಲೆ ಸಣ್ಣ ರೆಕ್ಕೆ ಇರುವ ಹಂಪ್‌ಬ್ಯಾಕ್ ಡಾಲ್ಫಿನ್. ಆಳ ಕಡಿಮೆಯಿರುವ ನೀರು, ನದಿ ಬಾಯಿ ಇದಕ್ಕೆ ಇಷ್ಟ, ಅಪಾಯಕ್ಕೂ ಅದೇ ಕಾರಣ: ಮೀನುಬಲೆ, ದೋಣಿ, ಹೊಲಸು ಎಲ್ಲ ಅಲ್ಲೇ. ಜಗತ್ತಿನ ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಲ್ಲಿದೆ. ಸಿನಿಮಾದಲ್ಲಿ ಹಾರುವ ಡಾಲ್ಫಿನ್‌ನಂತಲ್ಲ, ನಾಚಿಕೆಯ ಪ್ರಾಣಿ. ಉಸಿರಿಗೆ ಮೇಲೆ ಬಂದಾಗ ಗೂನು ಕಾಣುತ್ತದೆ, ಮುಳುಗುತ್ತದೆ.

ಗಾಳಿ ಏಳುವ ಮೊದಲು, ಬೆಳಗ್ಗೆ ಒಂಬತ್ತರೊಳಗೆ ನೋಡಿ. ದೋಣಿ ಮಾತಾಡುವಾಗ ದರಕ್ಕಿಂತ ಮೊದಲು ಎರಡು ಮಾತು ಕೇಳಿ: ಎಲ್ಲರಿಗೂ ಲೈಫ್ ಜಾಕೆಟ್ ಇದೆಯಾ, ಡಾಲ್ಫಿನ್ ಕಂಡಾಗ ಎಂಜಿನ್ ನಿಧಾನಿಸಿ ದೂರ ನಿಲ್ಲಿಸುತ್ತೀರಾ. ‘ಹತ್ರ ಹೋಗೋಣ, ಓಡಿಸಿ ತೋರಿಸ್ತೀನಿ’ ಎನ್ನುವವರ ದೋಣಿ ಹತ್ತಬೇಡಿ. ಹೊನ್ನಾವರದ ಅಳಿವೆಯ ಬಾಯಲ್ಲಿ ಮರಳು ದಿಬ್ಬಗಳಿವೆ, ಅನುಭವಿ ಮೀನುಗಾರರ ದೋಣಿಗಳೇ ಅಲ್ಲಿ ಮಗುಚಿದ್ದುಂಟು. ಅವರು ‘ಇವತ್ತು ಬೇಡ’ ಎಂದರೆ ಚೌಕಾಸಿ ಮಾಡಬೇಡಿ.

ಹಂತ 9: ನೇತ್ರಾಣಿ

ಮುರ್ಡೇಶ್ವರದಿಂದ ದೋಣಿಯಲ್ಲಿ ಒಂದೂವರೆ ಗಂಟೆ. ಮೇಲಿಂದ ನೋಡಿದರೆ ಹೃದಯದ ಆಕಾರದ, ಜನವಸತಿಯಿಲ್ಲದ ದ್ವೀಪ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದ ಜಾಗವಾದ್ದರಿಂದ ಮೇಲೆ ಹತ್ತುವ ಮಾತೇ ಇಲ್ಲ. ಸುತ್ತಲಿನ ಬಂಡೆಗಳಲ್ಲಿ ಹವಳ, ಗಿಳಿಮೀನು, ಚಿಟ್ಟೆಮೀನು, ಹಾವುಮೀನು, ಆಗಾಗ ಆಮೆ. ತಿಮಿಂಗಿಲ ಶಾರ್ಕ್ ಕಂಡವರೂ ಇದ್ದಾರೆ, ಆದರೆ ಅದನ್ನು ಲೆಕ್ಕಕ್ಕೆ ಹಿಡಿದು ಹೋಗಬೇಡಿ.

ಈಜು ಬರದವರನ್ನೂ ತರಬೇತುದಾರರು ಕೈಹಿಡಿದು ಇಳಿಸುತ್ತಾರೆ. ಆಸ್ತಮಾ, ಹೃದಯದ ತೊಂದರೆ, ಕಿವಿ ಸೋರುವಿಕೆ, ಕಟ್ಟಿದ ಮೂಗು ಇದ್ದರೆ ಇಳಿಯುವಂತಿಲ್ಲ. ಆರೋಗ್ಯದ ಫಾರಂನಲ್ಲಿ ಸುಳ್ಳು ಬರೆದು ಇಳಿಯುವುದು ಮೂರ್ಖತನ. ಹಿಂದಿನ ರಾತ್ರಿ ಮದ್ಯ ಬೇಡ. ವಾಂತಿಯ ಮಾತ್ರೆಯನ್ನು ದೋಣಿ ಹತ್ತುವ ಒಂದು ಗಂಟೆ ಮೊದಲೇ ನುಂಗಿ, ಇಡ್ಲಿಯಂಥ ಹಗುರ ತಿಂಡಿ ತಿನ್ನಿ. ಖಾಲಿ ಹೊಟ್ಟೆಯೂ ಅಲೆಗೆ ಒಳ್ಳೆಯದಲ್ಲ. ಬಂಡೆ, ಹವಳ ಮುಟ್ಟಬೇಡಿ, ಏನನ್ನೂ ಎತ್ತಿ ತರಬೇಡಿ. ತೀರದ ಅಂಗಡಿಗಳಲ್ಲೂ ಹವಳ, ಕಡಲ ಕುದುರೆ ಕೊಳ್ಳುವಂತಿಲ್ಲ, ಅವಕ್ಕೂ ಕಾಯ್ದೆಯ ರಕ್ಷಣೆ ಇದೆ.

ಹಂತ 10: ಮೀನೂಟ

ಮೆನು ಕಾರ್ಡ್ ಕೇಳಬೇಡಿ. ‘ಇವತ್ತು ಏನು ಬಂದಿದೆ?’ ಎಂದು ಕೇಳಿ. ಉತ್ತರ ತಟ್ಟನೆ ಒಂದೆರಡು ಹೆಸರಲ್ಲಿ ಬಂದರೆ ಅಲ್ಲಿ ಕೂರಿ. ‘ಎಲ್ಲಾ ಇದೆ’ ಎಂದರೆ ಎಲ್ಲವೂ ಫ್ರೀಜರಿನಲ್ಲಿದೆ ಎಂದರ್ಥ.

ಬೆಳಗ್ಗೆಯೇ ಬಂದರಿಗೆ ಹೋಗ್ಬಂದರೆ ಮಧ್ಯಾಹ್ನ ಏನು ಕೇಳಬೇಕೆಂದು ನಿಮಗೇ ಗೊತ್ತಿರುತ್ತದೆ. ಬೋಟಿನಿಂದ ಬುಟ್ಟಿ ಇಳಿಯುವುದು, ಹರಾಜು ಕೂಗುವುದು, ಹೆಂಗಸರು ಮಾಲು ಹಂಚಿಕೊಂಡು ಊರೂರಿಗೆ ಹೊರಡುವುದು, ಎಲ್ಲ ಒಂದು ಗಂಟೆಯೊಳಗೆ. ದಾರಿಗೆ ಅಡ್ಡ ನಿಲ್ಲಬೇಡಿ, ಜಾರದ ಚಪ್ಪಲಿ ಹಾಕಿಕೊಳ್ಳಿ. ಬಲೆಯಿಂದ ಆರಿಸಿ ಎಸೆದ ರಾಶಿಯಲ್ಲಿ ಕಡಲಹಾವು ಇರಬಹುದು. ಚಪ್ಪಟೆ ಬಾಲದ ಅದು ಸತ್ತಂತೆ ಬಿದ್ದಿದ್ದರೂ ಕಾಲಿನಿಂದ ಕೂಡ ಮುಟ್ಟಬೇಡಿ, ವಿಷ ಘೋರ.

ಹೆಸರುಗಳು ಬೆಂಗಳೂರಿನ ಮಂಗಳೂರು ಶೈಲಿಯ ಹೋಟೆಲುಗಳಲ್ಲಿ ಕೇಳಿದಂತಿರುವುದಿಲ್ಲ. ಅಲ್ಲಿಯ ಅಂಜಲ್ ಇಲ್ಲಿ ಇಸ್ವಾಣ, ಬೂತಾಯಿ ಇಲ್ಲಿ ತಾರ್ಲೆ, ಕಾಣೆ ಇಲ್ಲಿ ನೊಗ್ಲಿ, ಸಿಗಡಿ ಇಲ್ಲಿ ಶೆಟ್ಲಿ. ಪಾಂಪ್ಲೆಟ್, ಬಂಗುಡೆ ಎಲ್ಲ ಕಡೆಯೂ ಅವೇ.

ದುಡ್ಡಿಗೆ ಹೊಂದುವ ರುಚಿ ಸಣ್ಣ ಮೀನಿನಲ್ಲಿದೆ. ಬೆಂಗಳೂರಿನವರು ಮುಳ್ಳಿಗೆ ಹೆದರಿ ಇಸ್ವಾಣದ ತುಂಡನ್ನೇ ಕೇಳುತ್ತಾರೆ, ಹೋಟೆಲಿನವರು ನಗುತ್ತಾ ದುಬಾರಿ ಬಿಲ್ ಕೊಡುತ್ತಾರೆ. ಇಸ್ವಾಣ ಬೆಂಗಳೂರಿನಲ್ಲೂ ತಕ್ಕಮಟ್ಟಿಗೆ ಸಿಗುತ್ತದೆ. ಅವತ್ತೇ ಹಿಡಿದ ತಾರ್ಲೆ ಅಲ್ಲಿ ಸಿಗುವುದಿಲ್ಲ, ಅದು ಪ್ರಯಾಣ ತಡೆಯುವ ಮೀನೇ ಅಲ್ಲ. ಮುಳ್ಳು ಬಿಡಿಸುವುದು ಎರಡು ಮೀನಿಗೆ ಕೈಗೆ ಬರುತ್ತದೆ: ಬೆನ್ನಿನ ಗೆರೆಯಲ್ಲಿ ಬೆರಳಿಟ್ಟು ಮಾಂಸವನ್ನು ಎರಡೂ ಬದಿಗೆ ಸರಿಸಿ, ನಡುವಿನ ಮುಳ್ಳನ್ನು ತಲೆಯ ಸಮೇತ ಎತ್ತಿಬಿಡಿ.

ಬಂಗುಡೆಯನ್ನು ತೆಪ್ಪಲ್ ಹಾಕಿದ ಸಾರಿನಲ್ಲಿ ತಿನ್ನಲೇಬೇಕು. ತೆಪ್ಪಲ್ ಎಂದರೆ ಮಲೆನಾಡಿನವರ ಜುಮ್ಮನಕಾಯಿ. ಕೊಬ್ಬಿನ ಮೀನಿನ ವಾಸನೆಯನ್ನು ಅದು ಹದಕ್ಕೆ ತರುತ್ತದೆ, ನಾಲಿಗೆಯಲ್ಲಿ ಸಣ್ಣಗೆ ಜುಮ್ಮೆನಿಸುತ್ತದೆ. ಕಾಯನ್ನು ಅಗಿಯಬೇಡಿ, ಪಕ್ಕಕ್ಕಿಡಿ. ನೊಗ್ಲಿ, ಶೆಟ್ಲಿ ರವೆ ಹಚ್ಚಿ ಹುರಿದದ್ದು ಚೆಂದ. ಮಂಗಳೂರಿನ ಗಾಢ ಮಸಾಲೆ ಇಲ್ಲಿಲ್ಲ. ತೆಂಗಿನಕಾಯಿ, ಒಣಮೆಣಸು, ಹುಳಿಗೆ ಹುಣಸೆಯೋ ಮುರುಗಲೋ (ಕೋಕಂ), ಅಷ್ಟೇ. ಜೊತೆಗೆ ಕುಚ್ಚಲಕ್ಕಿ ಅನ್ನ, ಕೊನೆಯಲ್ಲಿ ಮುರುಗಲಿನ ಸೋಲ್ ಕಡಿ. ಬಳಚು ಆರ್ಡರ್ ಮಾಡಿದರೆ ಬೇಯಿಸಿದ ಮೇಲೂ ಬಾಯಿ ತೆರೆಯದ ಚಿಪ್ಪನ್ನು ತಿನ್ನಬೇಡಿ. ಬೆರಳುದ್ದದ ಇಸ್ವಾಣ ಮರಿ, ಮೊಟ್ಟೆ ತುಂಬಿದ ಏಡಿ, ತೊರಕೆ, ಶಾರ್ಕ್ ಇವನ್ನು ನಾನು ಕೇಳುವುದಿಲ್ಲ. ಕಡಲಜೀವಿ ನೋಡಲು ಬಂದು ಅವುಗಳ ಮುಂದಿನ ತಲೆಮಾರನ್ನೇ ತಿನ್ನುವುದು ಸರಿ ಕಾಣುವುದಿಲ್ಲ.

ಊಟ ಹನ್ನೆರಡೂವರೆಗೆ ಶುರು, ಎರಡೂವರೆಗೆ ಒಳ್ಳೆಯದೆಲ್ಲ ಖಾಲಿ. ರಾತ್ರಿಯ ಮೀನು ಸಾಮಾನ್ಯವಾಗಿ ಮಧ್ಯಾಹ್ನ ಉಳಿದದ್ದು. ರಾತ್ರಿಗೆ ಹಗುರವಾಗಿ ಏನಾದರೂ ತಿಂದು, ಹತ್ತಿರದಲ್ಲಿ ಯಕ್ಷಗಾನ ಇದೆಯಾ ವಿಚಾರಿಸಿ. ಗುಣವಂತೆಯ ಕೆರೆಮನೆ ಮೇಳ 1934ರಿಂದ ಆಡುತ್ತಿರುವುದು ಇದೇ ತಾಲೂಕಿನಲ್ಲಿ.

ಹಂತ 11: ಜೀವ ಉಳಿಸುವ ನಾಲ್ಕು ಮಾತು

2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಬಾಲಕಿಯರು ಮುರ್ಡೇಶ್ವರದಲ್ಲಿ ಮುಳುಗಿ ಸತ್ತರು. ಬಯಲುಸೀಮೆಯಿಂದ ಬಂದವರಿಗೆ ಕಡಲಿನ ಸೆಳೆತದ ಅಂದಾಜು ಇರುವುದಿಲ್ಲ. ಸುತ್ತ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಸಮತಟ್ಟಾಗಿ, ಕದಡಿದ ಬಣ್ಣದಲ್ಲಿ ಕಂಡರೆ ಅದು ಸುರಕ್ಷಿತ ಜಾಗವಲ್ಲ, ನೀರು ಹಿಂದಕ್ಕೆ ಓಡುವ ದಾರಿ. ಸಿಕ್ಕಿಕೊಂಡರೆ ದಡದತ್ತ ಈಜಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಈಜಲಾಗದಿದ್ದರೆ ಅಂಗಾತ ತೇಲಿ ಕೈ ಬೀಸಿ. ಜೀವರಕ್ಷಕರಿಲ್ಲದ ತೀರದಲ್ಲಿ ಮಂಡಿಗಿಂತ ಮೇಲೆ ನೀರು ಬೇಡ. ಇಳಿತದಲ್ಲಿ ಬಂಡೆ ಮೇಲೆ ಹೋದವರು ಉಬ್ಬರ ತಿರುಗುವ ಹೊತ್ತಿಗೆ ವಾಪಸಾಗಿರಬೇಕು. ಕರಾವಳಿ ಕಾವಲು ಪಡೆಯ ಸಂಖ್ಯೆ 1554, ಉಳಿದದ್ದಕ್ಕೆಲ್ಲ 112.

ಹಂತ 12: ಮೀನನ್ನು ಬೆಂಗಳೂರಿಗೆ ತರುವುದು

ಕೊನೆಯ ದಿನ ಎಲ್ಲರಿಗೂ ಈ ಆಸೆ ಹುಟ್ಟುತ್ತದೆ. ಇಸ್ವಾಣ, ಪಾಂಪ್ಲೆಟ್‌ನಂಥ ಗಟ್ಟಿ ಮೀನು ತರಬಹುದು. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದ ಗುಳಿ ತಕ್ಷಣ ಮೇಲೆ ಬರಬೇಕು. ಹೊಟ್ಟೆ, ಕಿವಿರು ಅಲ್ಲೇ ತೆಗೆಸಿ, ತೊಳೆದು, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸು, ಮೀನು, ಐಸು ಎಂದು ಪದರವಾಗಿ ತುಂಬಿಸಿ. ಮೀನಿನಷ್ಟೇ ತೂಕದ ಐಸು ಬೇಕು. ಪೆಟ್ಟಿಗೆಯ ಸುತ್ತ ಟೇಪು ಬಿಗಿಯಾಗಿ ಸುತ್ತಿ, ಹೊರಗೊಂದು ಪ್ಲಾಸ್ಟಿಕ್ ಚೀಲ. ಬೋಗಿಯಲ್ಲಿ ನೀರು ಸೋರಿದರೆ ಸಹಪ್ರಯಾಣಿಕರ ಶಾಪ ತಪ್ಪಿದ್ದಲ್ಲ. ಬಂಗುಡೆ, ತಾರ್ಲೆ ಬೇಡ. ಸರಿಯಾಗಿ ತಂಪಿಲ್ಲದಿದ್ದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಿಷಾಂಶ ಹೆಚ್ಚಾಗುತ್ತದೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ, ಮೈ ಕೆಂಪಾಗಿ ತಲೆನೋವು ಬರುತ್ತದೆ.

ಸುಲಭದ ದಾರಿ ಒಣಮೀನು. ಬರಿ ಮರಳಿನ ಮೇಲೆ ಹರಡಿದ್ದಕ್ಕಿಂತ ಬಲೆಯ ಅಥವಾ ಕಟ್ಟೆಯ ಮೇಲೆ ಒಣಗಿಸಿದ್ದನ್ನು ಆರಿಸಿ, ಕಲ್ಲು ಸಿಗುವುದಿಲ್ಲ. ಒಣ ಶೆಟ್ಲಿ ಮುರಿದರೆ ಚಟ್ಟೆಂದು ಸದ್ದಾಗಬೇಕು. ಬಾಗಿದರೆ ಇನ್ನೂ ಹಸಿ, ಬೂಸು ಹಿಡಿಯುತ್ತದೆ. ಮನೆಗೆ ಬಂದ ಮೇಲೆ ಒಮ್ಮೆ ಬಿಸಿಲಿಗಿಟ್ಟು ಗಾಜಿನ ಭರಣಿಗೆ ತುಂಬಿ. ಅಪಾರ್ಟ್‌ಮೆಂಟಿನಲ್ಲಿರುವವರು ಹುರಿಯುವ ಮೊದಲು ಬಾಲ್ಕನಿಯ ಕಡೆಯ ಕಿಟಕಿ ತೆರೆದು, ಕಾರಿಡಾರಿನ ಬಾಗಿಲು ಮುಚ್ಚಿಕೊಳ್ಳಿ.